ಅಕ್ಷೇತ್ರ

ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ತ್ರಿಕೋನಮಿತಿಯನ್ನು ಕುರಿತು ಮಾತನಾಡಲು ಆಕಾಶವಾಣಿಯ ಧ್ವನಿಗ್ರಾಹಕದ ಮುಂದೆ ಕುಳಿತಿದ್ದಾನೆಂದರೆ ಕೇಳುಗರಲ್ಲಿ ಕೆಲವರಿಗೆ ನಗು ಬರಬಹುದು. ಗಣಿತದ ಅಧ್ಯಾಪಕರಿಗೆ ಕೋಪವೂ ಬರಬಹುದು. ನನ್ನ ಸಮರ್ಥನೆ ಇಷ್ಟೆ. ನಾನು ಇಂದು ಹೇಳಹೊರಟಿರುವುದು ಲೆಕ್ಕ ಮಾಡುವ ಬಗೆಯನ್ನಲ್ಲ, ಲೆಕ್ಕದಲ್ಲಿ ಸೇರಿಕೊಂಡ ತಪ್ಪನ್ನು ಹುಡುಕುವ ಬಗೆಯನ್ನು. ತಪ್ಪು ಹುಡುಕುವುದು ಎಷ್ಟೋ ವರ್ಷ ನನ್ನ ವೃತ್ತಿಯೇ ಆಗಿತ್ತು. ಓಲೆಗರಿಯಲ್ಲಿ ಲಿಪಿಕಾರನ ಕೈತಪ್ಪು, ಉತ್ತರಪತ್ರಿಕೆಯಲ್ಲಿ ವಿದ್ಯಾರ್ಥಿಯ ಕೈತಪ್ಪು, ಕರಡಚ್ಚಿನಲ್ಲಿ ಮೊಳೆ ಜೋಡಿಸುವವನ ಕೈತಪ್ಪು, ಇವುಗಳನ್ನು ನೋಡಿ ನೋಡಿಯೇ ನನ್ನ ಕನ್ನಡಕದ ಗಾಜು ದಪ್ಪವಾದದ್ದು. ಇನ್ನೊಂದು ಕಾರಣವೂ ಉಂಟು. ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಅದು ಕೈತಪ್ಪಲ್ಲ.

1973ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಊರಿನ ಹೆಸರು, ಶಾಲೆಯ ಹೆಸರು ಬೇಡ. ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಪ್ರಶ್ನೆಪತ್ರಿಕೆಯನ್ನು ಸ್ಟೆನ್ಸಿಲ್ ಕೊರೆದು ಮಸಿ ಹತ್ತಿಸಿ ತೆಗೆದಿದ್ದರು. ಅದರಲ್ಲಿ ಐದು ಅಂಕದ ಒಂದು ಪ್ರಶ್ನೆ ಹೀಗಿತ್ತು: ಬಾಹುಗಳು 4 ಸೆಂಟಿಮೀಟರ್, 5 ಸೆಂಟಿಮೀಟರ್ ಮತ್ತು 10 ಸೆಂಟಿಮೀಟರ್ ಇರುವ ತ್ರಿಭುಜವನ್ನು ರಚಿಸಿ, ಅತಿ ದೊಡ್ಡ ಕೋನವನ್ನು ಅಳೆದು ಬರೆಯಬೇಕು. ನಾನು 10 ಸೆಂಟಿಮೀಟರಿನ ಪಾದವನ್ನು ಎಳೆದೆ. ಒಂದು ತುದಿಯಲ್ಲಿ ಕೈವಾರದ ಮುಳ್ಳನ್ನೂರಿ 4ರ ಕಂಸ ಎಳೆದೆ, ಇನ್ನೊಂದು ತುದಿಯಿಂದ 5ರ ಕಂಸ ಎಳೆದೆ. ಎರಡು ಕಂಸಗಳ ನಡುವೆ ಒಂದು ಸೆಂಟಿಮೀಟರಿನಷ್ಟು ಬಯಲು ಉಳಿಯಿತು. ಕೈವಾರದ ತಿರುಪು ಸಡಿಲವಾಗಿರಬೇಕೆಂದುಕೊಂಡು ಮತ್ತೆ ಎಳೆದೆ. ಮತ್ತೆ ಅದೇ ಬಯಲು. ಆಗ ಮಾಡಿದ್ದನ್ನು ಇವತ್ತು ಹೇಳಿಬಿಡುತ್ತೇನೆ. ಕೈವಾರದ ಕಾಲನ್ನು ಅಗಲಿಸಿದೆ. 4 ಇದ್ದದ್ದನ್ನು 5 ಮಾಡಿದೆ, 5 ಇದ್ದದ್ದನ್ನು 6 ಮಾಡಿದೆ. ಕಂಸಗಳು ಕೂಡಿದವು. ಕೋನಮಾಪಕವಿಟ್ಟು ಅಳೆದರೆ 130 ಡಿಗ್ರಿ. ಬಾಹುಗಳ ಪಕ್ಕದಲ್ಲಿ ಮಾತ್ರ ದುಂಡಗಿನ ಅಕ್ಷರದಲ್ಲಿ 4 ಎಂದೂ 5 ಎಂದೂ ಬರೆದೆ. ನನಗೆ ಐದಕ್ಕೆ ಐದು ಅಂಕ ಬಂದವು.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಬಡಗಿಯ ಮಗ. ಅವನು ಪಾದವನ್ನು ಎಳೆದು, ಎರಡು ಕಂಸಗಳನ್ನು ಅವು ಇದ್ದಂತೆಯೇ ಬಿಟ್ಟು, ಕೆಳಗೆ ಒಂದು ಸಾಲು ಬರೆದಿದ್ದ: ಈ ತ್ರಿಭುಜ ಆಗುವುದಿಲ್ಲ. ಅವನಿಗೆ ಬಂದದ್ದು ಸೊನ್ನೆ. ಪತ್ರಿಕೆ ಹಂಚಿದ ಮಾರನೆಯ ದಿನ ಅವನು ಮನೆಯಿಂದ ಮೂರು ರೀಪರ್ ತುಂಡುಗಳನ್ನು ಅಳತೆಗೆ ಕೊಯ್ದುಕೊಂಡು ಬಂದ. ಮೇಜಿನ ಮೇಲೆ ಉದ್ದನೆಯದನ್ನು ಇಟ್ಟು, ಅದರ ಎರಡು ತುದಿಗೆ ಚಿಕ್ಕವೆರಡನ್ನು ಒರಗಿಸಿ, 'ಮುಟ್ಟೋದಿಲ್ಲ ಸಾರ್, ನೋಡಿ' ಎಂದ. ಮೇಷ್ಟರು ನೋಡಿದರು. ಅವರ ಮುಖದಲ್ಲಿ ಒಂದು ಕ್ಷಣ ಏನೋ ಹಾದುಹೋದದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅನಂತರ, 'ಪ್ರಶ್ನೆಗೆ ಉತ್ತರ ಬರೆಯಬೇಕಪ್ಪ, ಪ್ರಶ್ನೆಯನ್ನೇ ತಿದ್ದಬಾರದು' ಎಂದು ಹೇಳಿ ಕೂರಿಸಿದರು. ಅವರು ಕೆಟ್ಟವರಲ್ಲ. 8 ಎಂದು ಇರಬೇಕಾದದ್ದು ಸ್ಟೆನ್ಸಿಲಿನಲ್ಲಿ 10 ಆಗಿದ್ದಿರಬೇಕು. 4, 5, 8 ಬಾಹುಗಳಾದರೆ ದೊಡ್ಡ ಕೋನ 125 ಡಿಗ್ರಿಗೆ ಬರುತ್ತದೆ. ನನ್ನ 130 ಅದಕ್ಕೆ ಹತ್ತಿರವಾಯಿತು. ಇಡೀ ತರಗತಿಯ ಪತ್ರಿಕೆಗಳನ್ನು ಮತ್ತೆ ತಿದ್ದಬೇಕಾಗುತ್ತದೆಂಬ ಭಯ ಯಾವ ಅಧ್ಯಾಪಕನಿಗೂ ಇರುವಂಥದೇ. ಆದರೆ ಆ ಹುಡುಗನಿಗೆ ಗಣಿತದಲ್ಲಿ ಬಂದದ್ದು 32, ತೇರ್ಗಡೆಗೆ ಬೇಕಾದದ್ದು 35. ಮುಂದಿನ ಜೂನ್ ತಿಂಗಳಲ್ಲಿ ಅವನು ಶಾಲೆಗೆ ಬರಲಿಲ್ಲ. ಈ ಐದು ಅಂಕವೊಂದೇ ಕಾರಣವೆಂದು ನಾನು ಹೇಳಲಾರೆ. ಮನೆಯಲ್ಲಿ ಬೇರೆ ಕಷ್ಟಗಳೂ ಇದ್ದವು.

ಕಾಲೇಜಿನಲ್ಲಿ ಶಾಸ್ತ್ರಸಾಹಿತ್ಯದ ಪಾಠ ಹೇಳುವ ಸರದಿ ನನಗೆ ಬಂದಾಗ ಹನ್ನೆರಡನೆಯ ಶತಮಾನದ ರಾಜಾದಿತ್ಯನ ಕನ್ನಡ ಗಣಿತಗ್ರಂಥಗಳಾದ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳ ಜಾಡು ಹಿಡಿದು ಭಾಸ್ಕರಾಚಾರ್ಯನ 'ಲೀಲಾವತಿ'ಯವರೆಗೆ ಹೋದೆ. ಲೀಲಾವತಿ 1150ರಲ್ಲಿ ರಚಿತವಾದ 'ಸಿದ್ಧಾಂತಶಿರೋಮಣಿ'ಯ ಮೊದಲ ಭಾಗ. ಅದರ ಕ್ಷೇತ್ರವ್ಯವಹಾರದಲ್ಲಿ ಒಂದು ಕಡೆ ನನಗೆ ಮೈ ಜುಂ ಎಂದಿತು. ಯಾವ ಆಕೃತಿಯಲ್ಲಿ ಒಂದು ಬಾಹುವಿಗಿಂತ ಉಳಿದ ಬಾಹುಗಳ ಮೊತ್ತ ಕಡಿಮೆಯೋ ಅಥವಾ ಅದಕ್ಕೆ ಸಮವೋ, ಅದು ಕ್ಷೇತ್ರವೇ ಅಲ್ಲ ಎನ್ನುತ್ತಾನೆ ಭಾಸ್ಕರ. ಅವನು ಅದಕ್ಕೆ ಕೊಡುವ ಹೆಸರು 'ಅಕ್ಷೇತ್ರ'. 3, 6, 9 ಬಾಹುಗಳ ತ್ರಿಭುಜವನ್ನೂ, 3, 6, 2, 12 ಬಾಹುಗಳ ಚತುರ್ಭುಜವನ್ನೂ ಉದಾಹರಣೆಗೆಂದು ಕೊಟ್ಟು, ಇಂಥದನ್ನು ಒಡ್ಡುವವನನ್ನು 'ಧೃಷ್ಟ' ಎಂದು ಕರೆಯುತ್ತಾನೆ. ಎಂದರೆ ನಾಚಿಕೆಯಿಲ್ಲದ ದಿಟ್ಟತನದವನು. ಅನುಮಾನವಿದ್ದವರು ಆ ಬಾಹುಗಳ ಅಳತೆಯ ನೇರವಾದ ಕಡ್ಡಿಗಳನ್ನು ನೆಲದ ಮೇಲಿಟ್ಟು ನೋಡಿಕೊಳ್ಳಲಿ ಎಂದು ಸೇರಿಸುತ್ತಾನೆ. ಬಡಗಿಯ ಮಗನ ರೀಪರ್ ತುಂಡುಗಳಿಗೆ ಎಂಟು ಶತಮಾನಗಳಿಗೂ ಹಿಂದಿನ ಶಾಸ್ತ್ರಾಧಾರವಿತ್ತು. ಅದು ನಮ್ಮ ಮೇಷ್ಟರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇದೇ ಮಾತನ್ನು ಲೆಕ್ಕದ ಸೂತ್ರವೂ ತನ್ನದೇ ಆದ ರೀತಿಯಲ್ಲಿ ಹೇಳುತ್ತದೆ. ಮೂರು ಬಾಹುಗಳಿಂದ ತ್ರಿಭುಜದ ಕ್ಷೇತ್ರಫಲ ತೆಗೆಯುವ ಕ್ರಮ ನಿಮಗೆ ನೆನಪಿರಬಹುದು. ಬಾಹುಗಳ ಮೊತ್ತದ ಅರ್ಧದಿಂದ ಒಂದೊಂದು ಬಾಹುವನ್ನೂ ಕಳೆದು, ಆ ಮೂರು ಶೇಷಗಳನ್ನೂ ಅರ್ಧಮೊತ್ತವನ್ನೂ ಗುಣಿಸಿ, ವರ್ಗಮೂಲ ತೆಗೆಯಬೇಕು. 3, 6, 9ಕ್ಕೆ ಹಾಗೆ ಮಾಡಿದರೆ ಅರ್ಧಮೊತ್ತ 9, ಅದರಿಂದ 9 ಕಳೆದರೆ ಸೊನ್ನೆ, ಕ್ಷೇತ್ರಫಲ ಸೊನ್ನೆ. ತ್ರಿಭುಜ ನೆಲಕ್ಕೆ ಮಲಗಿ ಗೆರೆಯಾಗಿದೆ. ನಮ್ಮ ಪರೀಕ್ಷೆಯ 4, 5, 10ಕ್ಕೆ ಅರ್ಧಮೊತ್ತ ಒಂಬತ್ತೂವರೆ, ಅದರಿಂದ 10 ಕಳೆದರೆ ಋಣ ಅರ್ಧ, ಗುಣಲಬ್ಧವೂ ಋಣ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಒಂಬತ್ತನೆಯ ಶತಮಾನದಲ್ಲಿಯೇ ಬರೆದಿಟ್ಟವನು ನಮ್ಮ ನೆಲದ ಮಹಾವೀರಾಚಾರ್ಯ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಹೊಗಳಿ ತನ್ನ 'ಗಣಿತಸಾರಸಂಗ್ರಹ'ವನ್ನು ಆರಂಭಿಸಿದವನು ಅವನು. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದಲ್ಲಿ ಇಂಥ ಗ್ರಂಥವೊಂದಕ್ಕೂ ಮನ್ನಣೆಯಿತ್ತೆಂಬುದನ್ನು ನಾವು ಸಾಹಿತ್ಯದವರು ಅಷ್ಟಾಗಿ ನೆನೆಯುವುದಿಲ್ಲ.

ಅಕ್ಷೇತ್ರದ ಈ ಸಂಗತಿಯನ್ನು ನನ್ನ ಹಳೆಯ ಗೆಳೆಯನಿಗೆ ಹೇಳಬೇಕೆಂದು ಒಮ್ಮೆ ಊರಿಗೆ ಹೋದಾಗ ಅವನ ಅಂಗಡಿಯನ್ನು ಹುಡುಕಿಕೊಂಡು ಹೋದೆ. ಬಾಗಿಲವಾಡಕ್ಕೆ ಉಜ್ಜುಗೊರಡು ಹಾಕುತ್ತಿದ್ದ. ಎಲ್ಲವನ್ನೂ ಹೇಳಿದೆ, ಕೈವಾರವನ್ನು ಅಗಲಿಸಿದ್ದನ್ನೂ ಹೇಳಿದೆ. ಅವನು ಕೆಲಸ ನಿಲ್ಲಿಸದೆಯೇ ನಕ್ಕು, 'ಗೊತ್ತಿತ್ತು ಕಣೋ, ನಾನು ಪಕ್ಕದಲ್ಲೇ ಕೂತಿದ್ದೆನಲ್ಲ' ಎಂದ. ಆಮೇಲೆ ಕಾಫಿ ತರಿಸಿದ.

ಬಾಹುಗಳೇ ಸೇರದಿದ್ದರೆ ಕಣ್ಣಿಗೆ ಕಾಣುತ್ತದೆ. ಕಾಣದ ಅಕ್ಷೇತ್ರಗಳೂ ಇವೆ. ಅವು ಹೆಚ್ಚು ಅಪಾಯಕಾರಿ. ರಷ್ಯದ ಹೆಸರಾಂತ ಗಣಿತಜ್ಞ ವ್ಲಾದಿಮಿರ್ ಆರ್ನಾಲ್ಡ್ ಐದರಿಂದ ಹದಿನೈದು ವಯಸ್ಸಿನ ಮಕ್ಕಳಿಗಾಗಿ ಮಾಡಿದ ಲೆಕ್ಕಗಳ ಸಂಗ್ರಹದಲ್ಲಿ ಅಮೆರಿಕದ ಪರೀಕ್ಷೆಯದೆಂದು ಹೇಳಿ ಒಂದು ಸಮಸ್ಯೆಯನ್ನು ಕೊಟ್ಟಿದ್ದಾರೆ. ಲಂಬಕೋನ ತ್ರಿಭುಜವೊಂದರ ವಿಕರ್ಣ 10 ಅಂಗುಲ, ಎದುರಿನ ಶೃಂಗದಿಂದ ಅದರ ಮೇಲೆ ಇಳಿಬಿಟ್ಟ ಲಂಬ 6 ಅಂಗುಲ, ಕ್ಷೇತ್ರಫಲವೆಷ್ಟು? ಅಲ್ಲಿನ ಮಕ್ಕಳು ಹತ್ತು ವರ್ಷಕ್ಕೂ ಮೇಲ್ಪಟ್ಟು ಈ ಲೆಕ್ಕವನ್ನು ಸಲೀಸಾಗಿ ಮಾಡುತ್ತಿದ್ದರಂತೆ: ಪಾದದ ಅರ್ಧ ಇಂಟು ಎತ್ತರ, ಐದಾರಲ ಮೂವತ್ತು. ಮುಂದೆ ಮಾಸ್ಕೋದಿಂದ ಬಂದ ಮಕ್ಕಳು ಪರೀಕ್ಷೆಗೆ ಕುಳಿತಾಗ ಒಬ್ಬರಿಗೂ ಅದನ್ನು ಹಾಗೆ ಬಿಡಿಸಲಾಗಲಿಲ್ಲ. ಏಕೆ ಎಂದು ಕೇಳಿ ಆರ್ನಾಲ್ಡರು ಸುಮ್ಮನಾಗುತ್ತಾರೆ.

ಏಕೆಂಬುದನ್ನು ಕಾಗದವಿಲ್ಲದೆಯೂ ನೋಡಬಹುದು. ವಿಕರ್ಣವನ್ನೇ ವ್ಯಾಸವಾಗಿಟ್ಟುಕೊಂಡು ಒಂದು ಅರ್ಧವೃತ್ತವನ್ನು ಕಲ್ಪಿಸಿಕೊಳ್ಳಿ. ಲಂಬಕೋನದ ಶೃಂಗ ಆ ಅರ್ಧವೃತ್ತದ ಮೇಲೆಯೇ ಇರಬೇಕು; ಇದು ಶಾಲೆಯಲ್ಲಿ ನಾವೆಲ್ಲ ಕಲಿತ ಪ್ರಮೇಯ. ವ್ಯಾಸ 10 ಆದರೆ ತ್ರಿಜ್ಯ 5. ಅರ್ಧವೃತ್ತದ ನೆತ್ತಿಯೇ ಪಾದದಿಂದ 5 ಅಂಗುಲ ಎತ್ತರದಲ್ಲಿದೆ. 6 ಅಂಗುಲದ ಲಂಬ ಎಲ್ಲಿಂದ ಇಳಿಯಬೇಕು? ತ್ರಿಕೋನಮಿತಿಯ ದಾರಿಯಲ್ಲಿ ಹೋದರೂ ಇದೇ ಗೋಡೆ ಅಡ್ಡ ಬರುತ್ತದೆ. ಒಂದು ಲಘುಕೋನವನ್ನು ಥೀಟಾ ಎಂದು ಕರೆದರೆ ಕ್ಷೇತ್ರಫಲ 25ನ್ನು ಎರಡು ಥೀಟಾದ ಸೈನಿನಿಂದ ಗುಣಿಸಿದಷ್ಟು. ಅದು 30 ಆಗಬೇಕಾದರೆ ಸೈನಿನ ಬೆಲೆ 1.2 ಆಗಬೇಕು. ಸೈನ್ 1ನ್ನು ಮೀರುವುದಿಲ್ಲ. ಮೂವತ್ತು ಎಂಬ ಉತ್ತರದಲ್ಲಿ ಗುಣಾಕಾರದ ತಪ್ಪಿಲ್ಲ, ಸೂತ್ರದ ತಪ್ಪಿಲ್ಲ. ಇಲ್ಲದ ತ್ರಿಭುಜಕ್ಕೆ ಕ್ಷೇತ್ರಫಲ ಕಟ್ಟಿದ್ದೇ ತಪ್ಪು. ನನ್ನ ಗೆಳೆಯನ ಸೊನ್ನೆಯನ್ನೂ ನನ್ನ ಐದು ಅಂಕವನ್ನೂ ಬಲ್ಲ ನನಗೆ ಆ ಮಾಸ್ಕೋದ ಮಕ್ಕಳಿಗೆ ಎಷ್ಟು ಅಂಕ ಬಂದಿರಬಹುದೆಂದು ಯೋಚನೆಯಾಗುತ್ತದೆ.

ಇನ್ನು ಪ್ರಶ್ನೆ ಸರಿಯಾಗಿದ್ದು ಉತ್ತರ ತಪ್ಪುವ ಬಗೆ. ಇಲ್ಲಿ ನಮ್ಮ ಛಂದಸ್ಸಿನ ಅನುಭವ ನೆರವಿಗೆ ಬರುತ್ತದೆ. ಕಂದಪದ್ಯಕ್ಕೆ ಮಾತ್ರೆಗಳು ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು, ಒಟ್ಟು 64. ಹಸ್ತಪ್ರತಿಯ ಕಂದದಲ್ಲಿ ಎಣಿಸಿ 62 ಬಂದರೆ ಅಲ್ಲೊಂದು ಅಕ್ಷರ ಬಿದ್ದುಹೋಗಿದೆಯೆಂದು ಸಂಪಾದಕನಿಗೆ ತಿಳಿಯುತ್ತದೆ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದು ಅಂಥದೇ ಒಂದು ಮಾತ್ರೆಯ ಲೆಕ್ಕ. ಆದರೆ ಹಸ್ತಪ್ರತಿಯ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಒಂದು ಮೋಸವಿದೆ. ಅವಸರದ ಸಂಪಾದಕ ತನಗೆ ತೋಚಿದ ಎರಡು ಮಾತ್ರೆಗಳ ಪದವೊಂದನ್ನು ತುಂಬಿ 64 ಮಾಡಿಬಿಡುತ್ತಾನೆ. ಅನಂತರ ಯಾರು ಎಣಿಸಿದರೂ ಪದ್ಯ ಸರಿಯಾಗಿಯೇ ಕಾಣುತ್ತದೆ. ಕವಿಯ ಮಾತು ಮಾತ್ರ ಅಲ್ಲಿರುವುದಿಲ್ಲ.

ತ್ರಿಭುಜದಲ್ಲಿ ಇದು ಹೇಗೆ ನಡೆಯುತ್ತದೆಂಬುದನ್ನು ನನ್ನ ಮೊಮ್ಮಗಳ ಪಿ.ಯು.ಸಿ. ಪುಸ್ತಕದಲ್ಲಿ ಪ್ರತ್ಯಕ್ಷ ಕಂಡೆ. ಬಾಹುಗಳು 3, 5, 7. ಮೂರು ಕೋನಗಳನ್ನೂ ಕಂಡುಹಿಡಿಯಬೇಕು. ಅವಳು ಯಾವುದೋ ದಾರಿಯಿಂದ ಅತಿ ದೊಡ್ಡ ಕೋನದ ಸೈನ್ ಬೆಲೆಯನ್ನು ಸರಿಯಾಗಿಯೇ ತೆಗೆದಿದ್ದಳು: 0.866. ಕ್ಯಾಲ್ಕುಲೇಟರಿನ ಗುಂಡಿ ಒತ್ತಿದಳು, 60 ಡಿಗ್ರಿ ಎಂದಿತು. ಬಾಹುಗಳು ಎದುರು ಕೋನಗಳ ಸೈನಿಗೆ ಅನುಪಾತದಲ್ಲಿರುತ್ತವೆಂಬ ನಿಯಮದಿಂದ 3ರ ಎದುರಿನ ಕೋನವನ್ನು ತೆಗೆದಳು, 21.79 ಡಿಗ್ರಿ. ಎರಡು ಗೊತ್ತಾದ ಮೇಲೆ ಮೂರನೆಯದಕ್ಕೆ ಶ್ರಮವೇಕೆ? 180ರಿಂದ ಕಳೆದಳು, 98.21. 'ಮೂರನ್ನೂ ಕೂಡಿಸಿ ನೋಡಿದೆ ತಾತ, ಸರಿಯಾಗಿ 180 ಬರುತ್ತೆ, ಆದರೂ ಹಿಂದಿನ ಉತ್ತರಕ್ಕೆ ತಾಳೆ ಆಗ್ತಿಲ್ಲ' ಎಂದು ನನ್ನ ಬಳಿ ತಂದಳು.

180 ಬಾರದೆ ಏನಾದೀತು? 180 ಬರುವಂತೆ ಅವಳೇ ತುಂಬಿದ್ದಳು. ಯಾವ ನಿಯಮದಿಂದ ಒಂದು ಅಂಕಿಯನ್ನು ತುಂಬಿದೆವೋ ಅದೇ ನಿಯಮದಿಂದ ಅದನ್ನು ಪರೀಕ್ಷಿಸಿದರೆ ಅದು ಪರೀಕ್ಷೆಯಾಗುವುದಿಲ್ಲ. ಬೇರೆ ಸಾಕ್ಷಿಯನ್ನು ಕರೆಯಬೇಕು. ದೊಡ್ಡ ಬಾಹುವಿನ ಎದುರು ದೊಡ್ಡ ಕೋನ, ಚಿಕ್ಕ ಬಾಹುವಿನ ಎದುರು ಚಿಕ್ಕ ಕೋನ ಇರಬೇಕೆಂಬುದು ಎಲ್ಲರಿಗೂ ಗೊತ್ತಿರುವ ಸಾಕ್ಷಿ. ಅವಳ ಉತ್ತರದಲ್ಲಿ 7ರ ಎದುರು 60 ಡಿಗ್ರಿ, 5ರ ಎದುರು 98 ಡಿಗ್ರಿ. ಚಿಕ್ಕ ಬಾಹು ದೊಡ್ಡ ಕೋನವನ್ನು ಹೊತ್ತು ನಿಂತಿತ್ತು. 'ಈಗ 5ರ ಎದುರಿನ ಕೋನವನ್ನೂ ಕಳೆಯದೆ, ಸೈನ್ ನಿಯಮದಿಂದಲೇ ತೆಗೆ ಪುಟ್ಟಿ' ಎಂದೆ. 38.21 ಬಂದಿತು. ಈಗ ಮೂರನ್ನೂ ಕೂಡಿಸಿದರೆ 120. ಅರುವತ್ತು ಡಿಗ್ರಿ ಕಾಣೆ! ಕಾಣೆಯಾದದ್ದು ಎಷ್ಟೆಂದು ತಿಳಿದೊಡನೆ ಕಳ್ಳನೂ ಸಿಕ್ಕಿದ. 60 ಡಿಗ್ರಿಗೂ 120 ಡಿಗ್ರಿಗೂ ಸೈನ್ ಬೆಲೆ ಒಂದೇ. ಕ್ಯಾಲ್ಕುಲೇಟರು ಯಾವಾಗಲೂ ಚಿಕ್ಕದನ್ನೇ ಹೇಳುತ್ತದೆ. ಇನ್ನೊಂದು ಉಂಟೆಂಬುದನ್ನು ಅದು ಬಾಯಿಬಿಡುವುದಿಲ್ಲ. ದೊಡ್ಡ ಕೋನವನ್ನು ಕೊಸೈನ್ ನಿಯಮದಿಂದ ತೆಗೆದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. 9ಕ್ಕೆ 25 ಕೂಡಿಸಿ 49 ಕಳೆದರೆ ಋಣ 15; ಅದನ್ನು 30ರಿಂದ ಭಾಗಿಸಿದರೆ ಋಣ ಅರ್ಧ; ಕೋನ 120. ಲಘುಕೋನಕ್ಕೆ ಧನ, ವಿಶಾಲಕೋನಕ್ಕೆ ಋಣ ಎಂದು ಕೊಸೈನ್ ತನ್ನ ಚಿಹ್ನೆಯಿಂದಲೇ ಹೇಳಿಬಿಡುತ್ತದೆ.

ಈ ಋಣಚಿಹ್ನೆಯನ್ನು ಕಂಡು ಹೆದರಿ ಅಳಿಸಿಹಾಕುವ ಮಕ್ಕಳನ್ನು ನಾನು ನೋಡಿದ್ದೇನೆ. ಉದ್ದ ಎಲ್ಲಾದರೂ ಋಣವಾಗುವುದುಂಟೆ ಎಂಬುದು ಅವರ ಪ್ರಶ್ನೆ. ಭಾಸ್ಕರ ಇದನ್ನೂ ಮುಟ್ಟಿದ್ದಾನೆ. ಲೀಲಾವತಿಯಲ್ಲಿ ಅವನು ಬಾಹುಗಳು 10 ಮತ್ತು 17, ಭೂಮಿ 9 ಇರುವ ತ್ರಿಭುಜವನ್ನು ಕೊಟ್ಟು, ಮೇಲಿನ ಶೃಂಗದಿಂದ ಇಳಿದ ಲಂಬ ಭೂಮಿಯನ್ನು ಯಾವ ಎರಡು ತುಂಡುಗಳಾಗಿ ಒಡೆಯುತ್ತದೆಂದು ಕೇಳುತ್ತಾನೆ. ಈ ತುಂಡುಗಳಿಗೆ ಅವನ ಭಾಷೆಯಲ್ಲಿ ಆಬಾಧೆಗಳೆಂದು ಹೆಸರು. 17ರ ವರ್ಗದಿಂದ 10ರ ವರ್ಗ ಕಳೆದರೆ 189. ಅದನ್ನು 9ರಿಂದ ಭಾಗಿಸಿದರೆ 21. ತುಂಡುಗಳ ಮೊತ್ತ 9, ಅಂತರ 21! ಮೊತ್ತಕ್ಕಿಂತ ಅಂತರ ಹೆಚ್ಚಾಯಿತು. ಒಂದು ತುಂಡು 15, ಇನ್ನೊಂದು ಋಣ 6. ಅವಸರದವನು ಇಲ್ಲಿ ಲೆಕ್ಕ ತಪ್ಪಿತೆಂದು ಹಾಳೆಯನ್ನು ಹರಿಯುತ್ತಾನೆ. ಭಾಸ್ಕರನಾದರೋ ಈ ಋಣಕ್ಕೆ ವಿರುದ್ಧ ದಿಕ್ಕು ಎಂದು ಅರ್ಥ ಹೇಳುತ್ತಾನೆ. ಲಂಬ ಭೂಮಿಯ ಒಳಗೆ ಬೀಳದೆ ಅದರ ತುದಿಯನ್ನು ದಾಟಿ ಆರು ಮಾನ ಆಚೆಗೆ ಬಿದ್ದಿದೆ. 17ರ ವರ್ಗದಿಂದ 15ರ ವರ್ಗ ಕಳೆದು ಮೂಲ ತೆಗೆದರೆ ಲಂಬ 8, ಕ್ಷೇತ್ರಫಲ 36. ಎಲ್ಲವೂ ಸರಿಯಾಗಿದೆ, ಬರೆದ ಚಿತ್ರ ಮಾತ್ರ ತಪ್ಪಾಗಿತ್ತು. ನಾವು ತ್ರಿಭುಜವೆಂದೊಡನೆ ಗುಡಿಸಲಿನ ಮುಂಭಾಗದಂತೆ, ಮೇಲೆ ಚೂಪು ಕೆಳಗೆ ಅಗಲ ಇರುವಂಥದನ್ನೇ ಬರೆಯುತ್ತೇವೆ. ಎಷ್ಟೋ ತಪ್ಪುಗಳು ಆ ಗುಡಿಸಲಿನಿಂದ ಹುಟ್ಟುತ್ತವೆ.

ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದಕ್ಕೆ ಮಹಾವೀರಾಚಾರ್ಯನೇ ಸಾಕ್ಷಿ. ಅವನು ಕ್ಷೇತ್ರಫಲಕ್ಕೆ ಎರಡು ಬಗೆಯ ಲೆಕ್ಕ ಹೇಳುತ್ತಾನೆ: ವ್ಯವಹಾರಕ್ಕೆ ಸಾಕಾಗುವ ಸ್ಥೂಲಫಲ ಒಂದು, ಸೂಕ್ಷ್ಮಫಲ ಇನ್ನೊಂದು. ಸ್ಥೂಲಕ್ರಮದಲ್ಲಿ ತ್ರಿಭುಜದ ಎರಡು ಬಾಹುಗಳ ಮೊತ್ತದ ಅರ್ಧವನ್ನು ಭೂಮಿಯ ಅರ್ಧದಿಂದ ಗುಣಿಸಿದರಾಯಿತು. ಲಂಬ ಇಳಿಸುವ ಗೋಜಿಲ್ಲ, ವರ್ಗಮೂಲದ ಗೋಜಿಲ್ಲ. ಮೂರೂ ಬಾಹುಗಳು 8 ಇರುವ ಹೊಲಕ್ಕೆ ಹೀಗೆ ಮಾಡಿದರೆ 32 ಬರುತ್ತದೆ. ಸೂಕ್ಷ್ಮವಾಗಿ ಮಾಡಿದರೆ 27.7. ಕಂದಾಯ ಕಟ್ಟುವವನಿಗೆ ಈ ನಾಲ್ಕು ಚಿಲ್ಲರೆಯ ವ್ಯತ್ಯಾಸ ಸಣ್ಣದಲ್ಲ. ಆದರೆ ಆಚಾರ್ಯ ಅದನ್ನು ಸ್ಥೂಲವೆಂದು ಹೆಸರಿಟ್ಟೇ ಕೊಟ್ಟಿದ್ದಾನೆ. ನಾನು 5 ಎಳೆದು 4 ಎಂದು ಬರೆದದ್ದಕ್ಕೂ ಇದಕ್ಕೂ ಇರುವ ದೂರ ದೊಡ್ಡದು.

ಚಿಕ್ಕಪುಟ್ಟ ತಪ್ಪುಗಳ ಮಾತನ್ನು ಬೇಗ ಮುಗಿಸುತ್ತೇನೆ. ತೆಂಗಿನಮರದಿಂದ 20 ಮೀಟರ್ ದೂರ ನಿಂತು ನೋಡಿದಾಗ ತುದಿಯ ಉನ್ನತಕೋನ 45 ಡಿಗ್ರಿಯಾದರೆ ಮರದ ಎತ್ತರ 20 ಮೀಟರ್ ಎಂದು ಬರೆಯುತ್ತಾರೆ. ನೋಡಿದ ಕಣ್ಣು ನೆಲದ ಮೇಲಿರಲಿಲ್ಲ, ಒಂದೂವರೆ ಮೀಟರ್ ಎತ್ತರದಲ್ಲಿತ್ತು. ಅದನ್ನು ಕೂಡಿಸಿ 21.5 ಎನ್ನಬೇಕು. 30 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಕೆಳಗಿನ ವಸ್ತುವೊಂದು 30 ಡಿಗ್ರಿ ಅವನತಕೋನದಲ್ಲಿ ಕಂಡರೆ ಅದು ಸುಮಾರು 52 ಮೀಟರ್ ದೂರದಲ್ಲಿದೆ. 17 ಮೀಟರ್ ಎಂದು ಬರೆದವನು ಕೋನವನ್ನು ದಿಗಂತದ ಮಟ್ಟದಿಂದ ಅಳೆಯದೆ ಗೋಡೆಯಿಂದ ಅಳೆದಿದ್ದಾನೆ. ಅಷ್ಟು ಹತ್ತಿರದ ವಸ್ತುವನ್ನು ನೋಡಲು ಕುತ್ತಿಗೆಯನ್ನು ಎಷ್ಟು ಬಗ್ಗಿಸಬೇಕೆಂದು ಒಮ್ಮೆ ಮಹಡಿಯ ಮೇಲೆ ನಿಂತು ನೋಡಿದರೆ ಈ ತಪ್ಪು ಜನ್ಮದಲ್ಲಿ ಮತ್ತೆ ಆಗದು. ಕ್ಯಾಲ್ಕುಲೇಟರು ಡಿಗ್ರಿಯಲ್ಲಿಲ್ಲದೆ ರೇಡಿಯನ್ನಿನಲ್ಲಿದ್ದರೆ 30ರ ಸೈನ್ ಅರ್ಧವೆನ್ನುವ ಬದಲು ಋಣ 0.988 ಎನ್ನುತ್ತದೆ. ತ್ರಿಭುಜದ ಒಳಗಿನ ಯಾವ ಕೋನಕ್ಕೂ ಸೈನ್ ಋಣವಾಗುವಂತಿಲ್ಲ. ಅಲ್ಲಿಗೇ ನಿಲ್ಲಿಸಿ ಯಂತ್ರವನ್ನು ನೋಡಬೇಕು.

ಸೈನ್ ಎಂಬ ಹೆಸರನ್ನು ಇಷ್ಟು ಬಾರಿ ಹೇಳಿದ ಮೇಲೆ, ಭಾಷೆಯವನಾಗಿ ಒಂದು ಮಾತು ಸೇರಿಸದಿರಲಾರೆ. ಆ ಹೆಸರೇ ಒಂದು ತಪ್ಪು. ನಮ್ಮವರು ಅದನ್ನು 'ಜ್ಯಾ' ಎಂದರು, ಬಿಲ್ಲಿನ ಹೆದೆ ಎಂದರ್ಥ. ವೃತ್ತದ ಕಂಸ ಬಿಲ್ಲಾದರೆ ಅದರ ತುದಿಗಳನ್ನು ಕೂಡಿಸುವ ಗೆರೆ ಹೆದೆ. ಆರ್ಯಭಟ ಐದನೆಯ ಶತಮಾನದ ಕೊನೆಗೆ ಈ ಅರ್ಧಜ್ಯಾಗಳ ಕೋಷ್ಟಕವನ್ನು ಕೊಟ್ಟ. ಜ್ಯಾ ಎಂಬುದಕ್ಕೆ 'ಜೀವಾ' ಎಂದೂ ಹೆಸರುಂಟು. ಅರಬ್ಬರು ಅದನ್ನು 'ಜೀಬಾ' ಎಂದು ಎತ್ತಿಕೊಂಡು, ತಮ್ಮ ಲಿಪಿಯ ರೂಢಿಯಂತೆ ಸ್ವರಗಳನ್ನು ಬಿಟ್ಟು ಬರೆದರು. ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ಅನುವಾದಿಸಿದವರು ಅದನ್ನು 'ಜೈಬ್' ಎಂದು ಓದಿಕೊಂಡರು. ಅದು ಅರಬ್ಬಿಯಲ್ಲಿ ಬಳಕೆಯಲ್ಲಿದ್ದ ಬೇರೆ ಮಾತು. ಉಡುಪಿನ ಮಡಿಕೆ, ಎದೆಯ ಭಾಗ ಎಂಬ ಅರ್ಥದ್ದು. ಅದಕ್ಕೆ ಸರಿಯಾಗಿ ಲ್ಯಾಟಿನ್ನಿನಲ್ಲಿ 'ಸೈನಸ್' ಎಂದು ಬರೆದರು. ಕನ್ನಡದಲ್ಲಿ ಹೇಳುವುದಾದರೆ ಹೆದೆ ಎದೆಯಾಯಿತು. ಜಗತ್ತಿನ ತ್ರಿಭುಜಗಳನ್ನೆಲ್ಲ ಈ ತಪ್ಪು ಓದಿನ ಹೆಸರಿನಿಂದಲೇ ಬಿಡಿಸುತ್ತಿದ್ದೇವೆ. ಯಾರೂ ತಿದ್ದಲಿಲ್ಲ, ತಿದ್ದುವ ಅಗತ್ಯವೂ ಬೀಳಲಿಲ್ಲ.

ಕೊನೆಯದಾಗಿ, ಪ್ರಶ್ನೆಯೂ ಸುಳ್ಳಲ್ಲ, ಲೆಕ್ಕವೂ ತಪ್ಪಲ್ಲ, ಆದರೂ ಉತ್ತರ ಅರೆಯಾಗುವ ಒಂದು ಸಂದರ್ಭವಿದೆ. ಮೊಮ್ಮಗಳ ಅದೇ ಪುಸ್ತಕದಲ್ಲಿ ಹೀಗೊಂದು ಲೆಕ್ಕ: ತ್ರಿಭುಜದ ಒಂದು ಕೋನ 30 ಡಿಗ್ರಿ, ಅದಕ್ಕೆ ಹೊಂದಿದ ಒಂದು ಬಾಹು 10, ಅದರ ಎದುರಿನ ಬಾಹು 6, ಕ್ಷೇತ್ರಫಲವೆಷ್ಟು? ಎದುರಿನ ಬಾಹು 4 ಇದ್ದಿದ್ದರೆ ಸೈನ್ 1.25 ಆಗಿ ಅಕ್ಷೇತ್ರವಾಗುತ್ತಿತ್ತು. 5 ಇದ್ದಿದ್ದರೆ ಸರಿಯಾಗಿ ಲಂಬಕೋನ. 6 ಆದಾಗ ಸೈನ್ 0.8333; ಕೋನ 56.44 ಡಿಗ್ರಿಯೂ ಆಗಬಹುದು, 123.56 ಡಿಗ್ರಿಯೂ ಆಗಬಹುದು. 5, 7ರ ಲೆಕ್ಕದಲ್ಲಿ ಒಂದನ್ನು ತಳ್ಳಿಹಾಕಲು ಸಾಕ್ಷಿಯಿತ್ತು, ಇಲ್ಲಿ ಇಲ್ಲ. ಎರಡರಲ್ಲಿಯೂ ದೊಡ್ಡ ಬಾಹುವಿನ ಎದುರು ದೊಡ್ಡ ಕೋನವೇ ಇದೆ, ಎರಡರಲ್ಲಿಯೂ ಮೊತ್ತ 180ನ್ನು ಮೀರುವುದಿಲ್ಲ. ಒಂದು ತ್ರಿಭುಜದ ಮೂರನೆಯ ಬಾಹು 11.98, ಕ್ಷೇತ್ರಫಲ 29.94. ಇನ್ನೊಂದರ ಮೂರನೆಯ ಬಾಹು 5.34, ಕ್ಷೇತ್ರಫಲ 13.36. ಪುಸ್ತಕದ ಹಿಂದೆ 29.94 ಎಂಬ ಒಂದೇ ಉತ್ತರವನ್ನು ಅಚ್ಚು ಹಾಕಿದ್ದರು.

ಭಾಸ್ಕರನಿಗೆ ಇಂಥ ಸ್ಥಿತಿಯ ಮೇಲೆ ವಿಶೇಷ ಕೋಪ. ಚತುರ್ಭುಜದ ನಾಲ್ಕು ಬಾಹುಗಳನ್ನಷ್ಟೇ ಹೇಳಿದರೆ ಅದರ ಆಕೃತಿ ನಿಶ್ಚಿತವಾಗುವುದಿಲ್ಲ. ಬಾಹುಗಳನ್ನು ಮಾರ್ಪಡಿಸದೆಯೇ ಅದನ್ನು ಓರೆಮಾಡಬಹುದು, ಫಲವೂ ಬದಲಾಗುತ್ತದೆ. ಅವನ ಉದಾಹರಣೆಯಲ್ಲಿ ಭೂಮಿ 14, ಮುಖ 9, ಬಾಹುಗಳು 13 ಮತ್ತು 12, ಲಂಬವೂ 12. ಹಿಂದಿನಿಂದ ಬಂದ ಸೂತ್ರದ ಪ್ರಕಾರ ಫಲ 19800ರ ವರ್ಗಮೂಲ, 141ಕ್ಕೆ ಸ್ವಲ್ಪ ಕಡಿಮೆ. ಲಂಬದಿಂದ ಲೆಕ್ಕ ಹಾಕಿದರೆ 138. ಆ ಸೂತ್ರ ವೃತ್ತದೊಳಗೆ ಕೂರುವ ಚತುರ್ಭುಜಕ್ಕೆ ಮಾತ್ರ ಸಲ್ಲುವಂಥದು. ಲಂಬವನ್ನಾಗಲಿ ಕರ್ಣವನ್ನಾಗಲಿ ಹೇಳದೆ ಚತುರ್ಭುಜದ ನಿಶ್ಚಿತ ಫಲವೆಷ್ಟೆಂದು ಕೇಳುವವನನ್ನು ಭಾಸ್ಕರ ಪಿಶಾಚಿ ಎನ್ನುತ್ತಾನೆ. ಕೇಳಿದ್ದಕ್ಕೆ ಉತ್ತರ ಕೊಡುವವನು ಅವನಿಗಿಂತ ದೊಡ್ಡ ಪಿಶಾಚಿಯಂತೆ.

ಮೊಮ್ಮಗಳಿಗೆ ಈ ಮಾತು ಬಹಳ ಹಿಡಿಸಿತು. ಒಂದೇ ಪಾದರೇಖೆಯ ಮೇಲೆ ಎರಡು ತ್ರಿಭುಜಗಳನ್ನೂ ಕೈವಾರದಿಂದ ಎಳೆದಳು. 6ರ ಕಂಸ ರೇಖೆಯನ್ನು ಎರಡು ಕಡೆ ಕತ್ತರಿಸಿತು. ಎರಡು ಉತ್ತರಗಳನ್ನೂ ಕೆಳಗೆ ಬರೆದು, ಯಾವುದು ಬೇಕೆಂದು ಪ್ರಶ್ನೆ ಹೇಳಿಲ್ಲ ಎಂದು ಒಂದು ಸಾಲು ಸೇರಿಸಿದಳು. 'ಹೀಗೆ ಬರೆದರೆ ನಮ್ಮ ಮಿಸ್ ಅಂಕ ಕೊಡ್ತಾರಾ ತಾತ?' ಎಂದು ಕೇಳಿದಳು. ನಾಳೆ ನೋಟುಪುಸ್ತಕವನ್ನು ಕಾಲೇಜಿಗೆ ಒಯ್ಯುತ್ತಾಳೆ.